ತಾಯತದೊಳಗಿನ ರಾಜ

"ಮಾಸ್ತರ, ಇದು ಮಂತ್ರನೋ, ನಾಟಕದ ಮಾತೋ?"

ದುಂಡವ್ವ ನೆನೆದು ಒಣಗಿದ ಚೀಟಿಯನ್ನು ಮಲಕಾರಿ ಮಾಸ್ತರರ ಮುಂದೆ ಹಿಡಿದಳು. ಅವಳ ಎಮ್ಮೆ ದೂಧಗಂಗೆಯ ನೀರಿನಲ್ಲಿ ಹೊರಳಾಡಿ ಬಂದಾಗ, ಮಾಸ್ತರರೇ ಕೊರಳಿಗೆ ಕಟ್ಟಿಕೊಟ್ಟಿದ್ದ ತಾಯತದ ಮುಚ್ಚಳ ಕಳಚಿ ಅದು ಹೊರಬಂದಿತ್ತು.

ಮಾಸ್ತರರು ಅದನ್ನು ತಟ್ಟನೆ ಕಸಿದುಕೊಂಡರು. ಯಂತ್ರ-ಮಂತ್ರದ ಮೇಲೆ ಅವರು ಬರೆದ ನಾಲ್ಕು ಪುಸ್ತಕಗಳು ನಿಪ್ಪಾಣಿಯಿಂದ ಅಥಣಿಯವರೆಗೂ ಮಾರಾಟವಾಗುತ್ತವೆ. ಆದರೆ ಇಪ್ಪತ್ತರ ಹರೆಯದಲ್ಲಿ ಬರೆದ ಕವಿತೆ, ನಾಟಕಗಳನ್ನು ಯಾರೂ ಮೂಸಿ ನೋಡಿರಲಿಲ್ಲ. ಅವನ್ನು ಬರೆದಿಟ್ಟ ವಹಿ ಪುಸ್ತಕದ ಹಾಳೆಗಳ ಒಂದು ಮಗ್ಗುಲು ಖಾಲಿ ಇತ್ತು. ಕಟ್ಟಿದ ತಾಯತವನ್ನು ಯಾರೂ ಬಿಚ್ಚುವುದಿಲ್ಲವೆಂಬ ಧೈರ್ಯದಲ್ಲಿ ಖಾಲಿ ಮಗ್ಗುಲಿಗೆ ಕೆಂಪು ಮಸಿಯಿಂದ ಯಂತ್ರ ಬರೆದು, ಸುರುಳಿ ಸುತ್ತಿ, ಜನರಿಗೆ ಕೊಡುವ ತಾಯತಗಳಲ್ಲಿ ತುಂಬುತ್ತಿದ್ದರು.

"ಯಾರಿಗರ ತೋರಿಸೀಯೇನ ಅಕ್ಕಾ?" ಊರು ನಕ್ಕರೆ ಐದನೆಯ ಪುಸ್ತಕವನ್ನು ಯಾರು ಕೊಳ್ಳುತ್ತಾರೆ?

"ಎಮ್ಮಿಗೆ ಅಷ್ಟ. ಮೊಮ್ಮಗಳು ಸೋನಾಲಿ ಅದರ ಮುಂದ ನಿಂತು ಓದಿದ್ಲು. 'ದೀಪ ಆರಿಸಿಲ್ಲ, ಅಗುಳಿ ಹಾಕಿಲ್ಲ, ಮುನಿಸು ಬಿಟ್ಟು ಒಳಗೆ ಬಾ ದೊರೆಯೇ' ಅಂತ ರಾಣಿ ಕರೀತಾಳ. ಒದಿಯೋ ಎಮ್ಮಿ ಕಿವಿ ನಿಮಿರಿಸಿ, ಗಪ್ಪ ನಿಂತು ಹಾಲು ಕೊಡ್ತು ನೋಡ್ರಿ."

"ಅದು ಯಂತ್ರದ ಶಕ್ತಿ."

"ಯಂತ್ರ ತಿಂಗಳಿಂದ ಕೊಳ್ಳಾಗ ಇತ್ತಲ್ರಿ. ಆವಾಗ ದಿನಾ ಒದೀತಿತ್ತು."

ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ ಸುಜಾತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅದಿರ್ಲಿ," ಎಂದಳು ದುಂಡವ್ವ. "ಮುಂದ ಏನಾತು? ರಾಜಾ ಒಳಗ ಬಂದನೋ ಇಲ್ಲೋ? ಮೂರು ದಿನದಿಂದ ಸೋನಾಲಿ ನನ್ನ ಜೀವಾ ತಿನ್ನಾಕತ್ತಾಳ. ನನಗೂ ಕುಂತಲ್ಲಿ ನಿಂತಲ್ಲಿ ಅದ ಚಿಂತಿ."

ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಮಾಸ್ತರರು ಟ್ರಂಕಿಗೆ ಕೈ ಹಾಕಿದರು. ವಹಿಯ ರಟ್ಟಷ್ಟೇ ಸಿಕ್ಕಿತು.

"ಮುಂದಿನ ಹಾಳಿ ಮುಗಳಖೋಡದ ಬಾಪುಸಾಹೇಬರ ತೋಳಾಗ ಐತಿ," ಎಂದರು ಮೆಲ್ಲಗೆ. "ಅದರ ಮುಂದಿಂದು ಪಾಲಬಾವಿಯ ಒಂದು ಹೋರಿ ಕೊಳ್ಳಾಗ."

"ಹಂಗಾರ ಹೊಸಾ ಹಾಳಿ ಮ್ಯಾಲ ಯಂತ್ರ ಬರಕೊಂಡು ಹೋಗ್ರಿ," ಎಂದಳು ಸುಜಾತಾ, ಕಾಯಿಯಿಂದ ಕಣ್ಣು ಎತ್ತದೆ. "ಅದನ್ನ ಕೊಟ್ಟು ಇದನ್ನ ತರ್ರಿ. ನನಗೂ ಕೇಳಬೇಕಾಗೈತಿ."

ಮರುದಿನ ಮೊದಲ ಬಸ್ಸಿಗೇ ಮಾಸ್ತರರು ಮುಗಳಖೋಡ ಮುಟ್ಟಿದರು. "ತಾಯತ ಬಿಚ್ರಿ" ಎಂದೊಡನೆ ಬಾಪುಸಾಹೇಬರ ಮುಖ ಬಿಳಿಚಿಕೊಂಡಿತು.

"ಯಾಕ್ರಿ ಮಾಸ್ತರ, ಇದರ ಶಕ್ತಿ ಮುಗದೈತೇನ್ರಿ?"

"ಇಲ್ರಿ," ಎಂದರು ಮಾಸ್ತರರು. "ನಮ್ಮ ರಾಜಾ ಅದರೊಳಗ ಸಿಕ್ಕೊಂಡಾನ. ಮನಿಯಾಗ ಹೆಂಗಸ್ರು ದಾರಿ ಕಾಯಾಕತ್ತಾರ."