ಸುಬೇದಾರರ ಮನೆ

ವಿಚ್ಛೇದನದ ಕೊನೆಯ ವಿಚಾರಣೆಯಲ್ಲಿ ನಿವೃತ್ತ ಸುಬೇದಾರ ಗುಡುಗಿದ. "ಹಿಮದಾಗ ನಿಂತು ಗಡಿ ಕಾದಾಂವ ನಾನ್ರಿ. ಪೆನ್ಶನ್ ನಂದು, ಕ್ಯಾಂಟೀನ್ ಕಾರ್ಡ್ ನಂದು. ಈಕಿ ಏನ್ ಮಾಡ್ಯಾಳ?"

ಹೆಂಡತಿ ಸಿಟ್ಟಿನಿಂದ ಎದ್ದು ನಿಂತಳು. "ಹಾಸಿಗಿ ಹಿಡದಿದ್ದ ನಿಮ್ಮವ್ವನ್ನ ಎಬ್ಬಿಸಿ ಅಡ್ಡಾಡಿಸೀನಿ. ಆ ಮನ್ಯಾಗರ ಪಾಲು ಕೊಡ್ರಿ."

ಅವನು ನಕ್ಕ. ಹೆಂಡತಿಗೆ ಸಿಗಬಾರದೆಂದೇ ಅವನು ಮನೆಯನ್ನು ಮೊದಲೇ ಅವ್ವನ ಹೆಸರಿಗೆ ಮಾಡಿಸಿದ್ದ.

"ಮನಿ ನಂದಲ್ರಿ, ನಮ್ಮವ್ವಂದು. ಬೇಕಾದ್ರ ಆಕಿನ್ನ ಕೇಳ್ರಿ."

ನ್ಯಾಯಾಧೀಶರು ಹಿಂದಿನ ಬೆಂಚಿನತ್ತ ನೋಡಿದರು. ಅವ್ವ ಕೋಲೂರಿಕೊಂಡು ಎದ್ದಳು.

"ಖರೇರಿ ಸಾಹೇಬ್ರ, ಮನಿ ನಂದು."

ಆಮೇಲೆ ಮಗನ ಕಡೆ ತಿರುಗಿದಳು.

"ಸಂಜಿಯೊಳಗ ನಿನ್ನ ಮಿಲಿಟ್ರಿ ಟ್ರಂಕ್ ತಗೊಂಡು ಹೊರಗ ಬೀಳು. ಇನ್ನ ಆ ಮನ್ಯಾಗ ನಾನು, ನನ್ನ ಸೊಸಿ ಇರತೀವಿ."