ಜಮಖಾನ ಹೊದ್ದ ಕುರ್ಚಿ

"ಹಿಂದಕ್ಕೆ ಒರಗಮ್ಮ. ಕುರ್ಚಿಗೆ ಎಲ್ಲಾದರೂ ತಲೆ ಇರುತ್ತಾ?" ಎಂದ ಫೋಟೋಗ್ರಾಫರ್ ಎತ್ತೋರೆ.

ವರ್ದೆ ಒರಗಿದಳು. ಅವಳ ಅತ್ತೆ ಉಮ್ ನಖ್ಲೆ ಕಪ್ಪು ಜಮಖಾನವನ್ನು ಸೊಸೆಯ ತಲೆಯಿಂದ ಪಾದದವರೆಗೆ ಎಳೆದು ಮುಚ್ಚಿ, ಅದರ ಮೇಲೆ ಮೊಮ್ಮಗ ಶಾಹೀನನನ್ನು ಕೂರಿಸಿದಳು. ಈಗ ನೋಡಿದವರಿಗೆ ಅದೊಂದು ಜಮಖಾನ ಹೊದ್ದ ಕುರ್ಚಿ, ಅದರ ಮೇಲೊಂದು ಮಗು, ಅಷ್ಟೇ. ಜಹ್ಲೆ ಊರಿನಲ್ಲಿ ಎತ್ತೋರೆ ಚಿಕ್ಕಮಕ್ಕಳ ಚಿತ್ರ ತೆಗೆಯುತ್ತಿದ್ದುದೇ ಹೀಗೆ. ತಾಯಿಯ ತೊಡೆ ಬಿಟ್ಟು ಬೇರೆಲ್ಲಿ ಕೂರಿಸಿದರೂ ಮಕ್ಕಳು ಅಲುಗಾಡಿ, ಚಿತ್ರ ಮೂಡುವ ಗಾಜಿನ ಪ್ಲೇಟು ಹಾಳಾಗುತ್ತಿತ್ತು.

"ಅತ್ತೆ, ಉಸಿರು ಕಟ್ತಿದೆ."

"ಕುರ್ಚಿ ಮಾತಾಡಬಾರ್ದು," ಎಂದಳು ಉಮ್ ನಖ್ಲೆ.

"ಅವಳ ಮುಖವೂ ಬರಲಿ ಬಿಡಿ ಅಮ್ಮ. ಗಂಡನಿಗೆ ತಾನೇ ಹೋಗೋದು?" ಎಂದ ಎತ್ತೋರೆ.

"ಗಂಡನೊಬ್ಬನಿಗೇ ಆಗಿದ್ರೆ ಸರಿ ಖವಾಜಾ. ಬ್ರೆಜಿಲ್‌ನಲ್ಲಿ ನನ್ನ ಮಗ ನಖ್ಲೆ ಇರೋದು ಒಂದೇ ಕೋಣೇಲಿ, ಊರಿನ ಅಷ್ಟೂ ಗಂಡಸರ ಜೊತೆ. ಹಗಲೆಲ್ಲ ಗಂಟು ಹೊತ್ತು ಬಟ್ಟೆ ಮಾರ್ತಾರೆ, ಆಮೇಲೆ ಗೋಡೆ ನೋಡ್ಕೊಂಡು ಬಿದ್ಕೊಂಡಿರ್ತಾರೆ. ಆ ಗೋಡೆ ಮೇಲೆ ನನ್ನ ಸೊಸೆ ಮುಖ ತೂಗುಹಾಕ್ಲಾ?"

ಎತ್ತೋರೆ ಕ್ಯಾಮೆರಾದ ಹಿಂದಕ್ಕೆ ಹೋದ. ಜಿನೋವಾದಿಂದ ಬಂದವನು ಅವನು, ಪರದೇಶದವನೆಂದು ಊರಿಗೆಲ್ಲ ಖವಾಜಾ. ಮೀಸೆ ಕಪ್ಪಗಿದ್ದಾಗಿನಿಂದ ಬಾಲ್‌ಬೆಕ್ಕಿನ ಹಾಳುಗುಡಿಯ ಕಂಬಗಳ ಚಿತ್ರ ತೆಗೆದು ಯಾತ್ರಿಕರಿಗೆ ಮಾರಿ ಬದುಕಿದ್ದ. ಆಮೇಲೆ ಊರಿನ ಗಂಡುಮಕ್ಕಳು ಒಬ್ಬೊಬ್ಬರಾಗಿ ಹಡಗು ಹತ್ತಿದರು, ಉಳಿದ ಹೆಂಗಸರು ಮಕ್ಕಳನ್ನೆತ್ತಿಕೊಂಡು ಅವನ ಅಂಗಡಿ ಹತ್ತಿದರು. ಕಂಬಗಳ ಸುಖವೇ ಬೇರೆ. ಅವು ಅಲುಗಾಡುವುದಿಲ್ಲ, ಅಳುವುದಿಲ್ಲ, ಅತ್ತೆಯನ್ನು ಕರೆದುಕೊಂಡು ಬರುವುದೂ ಇಲ್ಲ.

ಅವನು ಕ್ಯಾಮೆರಾದ ಮುಚ್ಚಳ ತೆಗೆದ. ಶಾಹೀನ ಗಂಭೀರವಾಗಿ ಕೂತಿದ್ದವನು ಇನ್ನೇನು ಒಂದು ಕಡೆಗೆ ಜಾರಲಿದ್ದ. ತಟ್ಟನೆ ಜಮಖಾನದ ಅಂಚಿನಿಂದ ಒಂದು ಕೈ ಹೊರಬಂದು ಅವನನ್ನು ಪಕ್ಕದಿಂದ ಆನಿಸಿ ಹಿಡಿಯಿತು. ಎತ್ತೋರೆ ಮುಚ್ಚಳ ಹಾಕುವವರೆಗೂ ಹಾಗೇ ಹಿಡಿದಿತ್ತು.

"ಅಯ್ಯೋ, ಕುರ್ಚಿಗೆ ಕೈ ಬಂತಲ್ಲಪ್ಪಾ!" ಎಂದು ಅತ್ತೆ ಹಣೆ ಚಚ್ಚಿಕೊಂಡಳು. ಮಗು ಹೆದರಿ ಶುರುಮಾಡಿದ ಅಳು ಬೆಲ್ಲಕ್ಕೂ ನಿಲ್ಲಲಿಲ್ಲ, ಗಿಲಕಿಗೂ ನಿಲ್ಲಲಿಲ್ಲ. ಕೊನೆಗೆ ಎತ್ತೋರೆಯೇ ಮುದುಕಿಗೆ ಸಮಾಧಾನ ಹೇಳಿದ. ಗಾಜಿನ ಮೇಲೆ ಸಣ್ಣ ಚಾಕುವಿನಿಂದ ಕೆರೆದರೆ ಕೈ ಜಮಖಾನದ ಕಪ್ಪಿನಲ್ಲಿ ಸೇರಿಹೋಗುತ್ತದೆ, ಹುಡುಕಿದರೂ ಸಿಗುವುದಿಲ್ಲ.

"ಹಾಗಾದ್ರೆ ಕೆರೆದುಬಿಡಿ. ನಾಳೆ ಬರ್ತೀನಿ," ಎಂದು ಉಮ್ ನಖ್ಲೆ ಮೊಮ್ಮಗನನ್ನೆತ್ತಿಕೊಂಡು ಹೊರಗೆ ಹೋದಳು.

ವರ್ದೆ ಹಿಂದೆಯೇ ಉಳಿದಳು. ಉಸಿರುಕಟ್ಟಿ ಕೆಂಪಾದ ಮುಖ ಇನ್ನೂ ತಿಳಿಯಾಗಿರಲಿಲ್ಲ.

"ಖವಾಜಾ, ನಮ್ಮವರು ಹೋಗುವಾಗ ಮಗು ಹೊಟ್ಟೇಲಿತ್ತು. ನಮ್ಮ ಮೇಲಿನ ಬೀದಿ ಹನ್ನೆಯ ಗಂಡ ಅಲ್ಲೇ ಇನ್ನೊಬ್ಬಳನ್ನ ಕಟ್ಕೊಂಡ. ನನ್ನವರಿಗೂ ನನ್ನ ಮುಖ ಮರೆತುಹೋಗಿದ್ರೆ? ಕೈಯಾದ್ರೂ ಹೋಗ್ಲಿ ಅವರ ಹತ್ರ."

"ನಿಮ್ಮತ್ತೆ ನನ್ನ ಅಂಗಡಿ ಮುಚ್ಚಿಸಿಬಿಡ್ತಾರಮ್ಮ."

"ಮುಚ್ಚಿಸ್ತಾರೆ," ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ಅವಳು ಓಡಿದಳು.

ಸಂಜೆ ಎತ್ತೋರೆ ಪ್ಲೇಟನ್ನು ಕಿಟಕಿಗೆ ಹಿಡಿದು ಚಾಕು ಎತ್ತಿಕೊಂಡ. ಎಷ್ಟು ತಾಯಂದಿರ ಕೈಗಳನ್ನು ಹೀಗೆ ಕೆರೆದು ಹಾಕಿದ್ದನೋ, ಲೆಕ್ಕವಿಲ್ಲ; ಒಮ್ಮೆಯೂ ಕೈ ತಡೆದಿರಲಿಲ್ಲ. ಇಂದು ತಡೆಯಿತು. ಜಿನೋವಾದಲ್ಲಿದ್ದ ತನ್ನ ತಾಯಿಗೆ ಅವನು ಕಂಬಗಳ ಚಿತ್ರ ಕಳಿಸಿದ್ದ, ಒಂಟೆಗಳ ಚಿತ್ರ ಕಳಿಸಿದ್ದ. ತನ್ನದೊಂದನ್ನು ಕಳಿಸಬೇಕೆಂದು ತೋಚಿರಲೇ ಇಲ್ಲ. ದೀಪದ ಬುಡದಲ್ಲೇ ಕತ್ತಲೆ. ಬೇಸಿಗೆಯಲ್ಲಿ ಆ ತಾಯಿ ತೀರಿಕೊಂಡ ಸುದ್ದಿ ಬಂದಾಗ ಬೇಸಿಗೆಯೇ ಕಳೆದಿತ್ತು. ಅವನಿಗೆ ಈಗ ಅಳು ಬಂತು. ಚಾಕುವನ್ನು ಕೆಳಗಿಟ್ಟ.

ಮರುದಿನ ಉಮ್ ನಖ್ಲೆ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಕೈ ಇಲ್ಲೇ ಇದೆಯಲ್ಲ?"

"ಕೆರೆದ್ರೆ ಮಗುವಿನ ಹೊಟ್ಟೇನೂ ಹೋಗ್ತಿತ್ತು ಅಮ್ಮ," ಎಂದ ಎತ್ತೋರೆ ಬೇರೆಲ್ಲೋ ನೋಡುತ್ತಾ.

ಮುದುಕಿ ಅವನನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದಳು. "ಇಷ್ಟು ವರ್ಷ ಆಯ್ತು, ನಮ್ಮ ಭಾಷೇಲಿ ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರಲ್ಲ ನಿಮಗೆ," ಎಂದು ಚಿತ್ರವನ್ನು ಎದೆಯ ಬಟ್ಟೆಯೊಳಗೆ ಸಿಕ್ಕಿಸಿಕೊಂಡು ಹೊರಟಳು.

ದ್ರಾಕ್ಷಿ ಕೊಯ್ಲು ಮುಗಿದು, ಬೆಟ್ಟದ ಹಿಮ ಬಿದ್ದು ಕರಗಿದ ಮೇಲೆ ಒಂದು ಬೆಳಿಗ್ಗೆ ಅವಳು ಒಬ್ಬಳೇ ಬಂದಳು.

"ಬ್ರೆಜಿಲ್‌ನಿಂದ ನಮ್ಮ ಸಂಬಂಧಿಕನೊಬ್ಬ ಬಂದಿದಾನೆ ಖವಾಜಾ. ನಖ್ಲೆ ಅವನ ಕೈಲಿ ಹಡಗಿನ ಟಿಕೆಟ್ ಕಳಿಸಿದಾನೆ."

"ಮಗುವಿಗಾ?"

"ಮಗುವಿಗೆ. 'ಅವನ ಜೊತೆ ಆ ಕುರ್ಚೀನೂ ಕಳಿಸಮ್ಮ' ಅಂತ ಹೇಳಿ ಕಳಿಸಿದಾನೆ ಪಾಪಿ." ಅವಳು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು.

"ನೀವೂ ಹೋಗ್ತೀರಾ ಅಮ್ಮ?"

"ನಾನ್ಯಾಕೆ? ಕುರ್ಚಿ ಒಂದೇ ಕೇಳಿರೋದು," ಎಂದು ಉಮ್ ನಖ್ಲೆ ಬೆಳಕಿನ ಕೆಳಗಿದ್ದ ಆಸನದಲ್ಲಿ ತಾನೇ ಹೋಗಿ ಕೂತಳು. "ನನ್ನದೊಂದು ತೆಗೀರಿ. ಅವರ ಜೊತೆ ಹೋಗ್ಲಿ."

ಎತ್ತೋರೆ ಬಾಚಣಿಗೆ, ಕನ್ನಡಿ ತಂದುಕೊಟ್ಟ. ಅವಳು ಅವನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಗಳನ್ನು ಲಂಗಕ್ಕೆ ಚೆನ್ನಾಗಿ ಒರೆಸಿಕೊಂಡು ಮೊಣಕಾಲ ಮೇಲೆ ಬೆರಳು ಬಿಡಿಸಿ ಇಟ್ಟಳು.

"ಮುಖ ಹೇಗಾದ್ರೂ ಬರ್ಲಿ ಖವಾಜಾ," ಎಂದಳು. "ಕೈ ಮಾತ್ರ ಚೆನ್ನಾಗಿ ಬರ್ಬೇಕು."