ಗೋಡೆ ಅವನಿಗೆ, ಕಾಯಿ ನನಗೆ

ಸರೋವರಕ್ಕೆ ಬೆನ್ನು ಹಾಕಿ ನಿಂತಿದ್ದ ಆಸಾಮಿಯನ್ನ ಎರ್ಸಿಲಿಯಾ ಕಿಟಕಿಯಿಂದಲೇ ತೂಗಿ ನೋಡಿದಳು. ಜ್ಯೂರಿಕ್‌ನವನು. ಕೇಳೋದೇ ಬೇಡ. ಕಾಲುಚೀಲದ ಮೇಲೆ ಚಪ್ಪಲಿ, ಕೈಯಲ್ಲಿ ಎರಡು ಕೋಲು, ನಮ್ಮೂರ ಗುಡ್ಡ ಏನೋ ಹಿಮಾಲಯ ಅನ್ನೋ ಹಾಗೆ. ಶುಕ್ರವಾರ ಬೆಟ್ಟದ ಸುರಂಗ ದಾಟಿ ದಕ್ಷಿಣಕ್ಕೆ ಬರೋದು, ಎರಡು ದಿನ ಬಿಸಿಲಿಗೆ ಮೈ ಒಡ್ಡೋದು, ಮಧ್ಯಾಹ್ನ ಉಂಡಮೇಲೂ ಹಾಲು ಹಾಕಿದ ಕಾಫಿ ಕೇಳಿ ಮಾನ ಕಳ್ಕೊಳ್ಳೋದು, ಭಾನುವಾರ ವಾಪಸ್ಸು. ಇವರ ಜಾತಕವೆಲ್ಲ ಅವಳಿಗೆ ಬಾಯಿಪಾಠ.

ಆದರೆ ಇವನು ನೋಡ್ತಾ ಇದ್ದದ್ದು ಸರೋವರವನ್ನಲ್ಲ. ಅವಳ ಗೋಡೆಯನ್ನ.

ಗೋಡೆ ಅಂದರೆ ರಸ್ತೆ ಮೇಲಿನ ಇಳಿಜಾರನ್ನ ತಡೆದು ನಿಲ್ಲಿಸಿದ ಕಲ್ಲಿನ ಗೋಡೆ. ಅದಕ್ಕೆ ಆರೇಳು ತಿಂಗಳ ಬಸುರಿಯ ಹಾಗೆ ಹೊಟ್ಟೆ ಬಂದಿತ್ತು. ಚಳಿಗಾಲದೊಳಗೆ ಕಟ್ಟಿಸು ಅಂತ ಪುರಸಭೆ ಎರಡು ನೋಟಿಸು ಕೊಟ್ಟಾಗಿತ್ತು. ಅದಕ್ಕೇ ಎರ್ಸಿಲಿಯಾ ನೆಲ ಮಾರಾಟಕ್ಕಿದೆ ಅಂತ ಬೋರ್ಡು ಹಾಕಿದ್ದು. ಊರಿನವರು ಗೋಡೆ ನೋಡಿ ನಕ್ಕು ಮುಂದೆ ಹೋದರು. ಸುರಂಗದಾಚೆಯ ಒಬ್ಬ ಪೆದ್ದನೇ ಬೇಕಾಗಿತ್ತು.

ಪೆದ್ದ ಬಾಗಿಲು ತಟ್ಟಿದ.

"ನಮಸ್ಕಾರ ಅಮ್ಮ. ನಾನು ವಾಲ್ಟಿ ಕುಂಡರ್ಟ್. ಈ ನೆಲ ಕೊಡ್ತೀರಂತೆ?"

"ಕೊಡ್ತೀನಿ. ಇಲ್ಲಿ ನಿಂತರೆ ಇಡೀ ಸರೋವರ ಕಾಣತ್ತೆ, ನೋಡಿ."

ಅವನು ತಿರುಗಿ ನೋಡಲಿಲ್ಲ. "ಗೋಡೆ ಬಾಗಿದೆ," ಅಂದ.

"ನಾನು ಮದುವೆಯಾಗಿ ಬಂದಾಗಲೂ ಹಂಗೇ ಬಾಗಿತ್ತು. ನನ್ನ ಗಂಡ ಬಿದ್ದುಹೋದ, ಅದು ಬೀಳಲಿಲ್ಲ."

ತಲೆಯಾಡಿಸಿದ. ಚೌಕಾಸಿಯೂ ಮಾಡಲಿಲ್ಲ. ನೆಲದಿಂದ ಒಂದು ಚೆಸ್ಟ್‌ನಟ್ ಕಾಯಿ ಎತ್ತಿಕೊಂಡು, ಪ್ಯಾಂಟಿಗೆ ಒರೆಸಿ, ಹಲ್ಲಿನಲ್ಲೇ ಸಿಪ್ಪೆ ಕಚ್ಚಿ ಉಗಿದು, ಹಸಿಯಾಗೇ ತಿಂದ. ಅಳಿಲಿಗೂ ಇವನಿಗೂ ಬಾಲ ಒಂದೇ ವ್ಯತ್ಯಾಸ ಅಂದ್ಕೊಂಡಳು ಎರ್ಸಿಲಿಯಾ.

ಮಾರಾಟಕ್ಕಿಟ್ಟ ನೆಲದ ಮೇಲೆ ನಿಂತಿದ್ದ ಆ ಚೆಸ್ಟ್‌ನಟ್ ಮರವೇ ಅವಳ ಜೀವ. ಅಷ್ಟು ದಪ್ಪ ಕಾಯಿ ಸುತ್ತಮುತ್ತ ಇನ್ನೊಂದು ಮರದಲ್ಲಿಲ್ಲ. ಪ್ರತಿ ಅಕ್ಟೋಬರ್‌ನಲ್ಲಿ ಊರ ಚೌಕದಲ್ಲಿ ಚೆಸ್ಟ್‌ನಟ್ ಹುರಿಯೋ ಹಬ್ಬ. ಬಾಣಲೆ ಮುಂದೆ ಸೌಟು ಹಿಡಿದು ನಿಲ್ಲೋಳು ಎರ್ಸಿಲಿಯಾ, ಮೇಯರೂ ಅವಳ ಮುಂದೆ ಸಾಲು ನಿಲ್ಲಬೇಕು. ಆ ಮರ ಇಲ್ಲದೇ ಹೋದರೆ ಎಪ್ಪತ್ತೆರಡರ ಈ ವಿಧವೆಯನ್ನ ಚೆನ್ನಾಗಿದೀಯಾ ಅಂತ ಕೇಳೋ ನರಪಿಳ್ಳೆಯೂ ಇಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ನೆಲ ಯಾಕೆ ಮಾರ್ತಾಳೆ ಅಂತೀರಾ? ನಮ್ಮ ಕಡೆ ಹಳೇ ಪದ್ಧತಿ ಒಂದಿದೆ. ನೆಲ ಒಬ್ಬರದ್ದು, ಅದರ ಮೇಲಿನ ಮರ ಇನ್ನೊಬ್ಬರದ್ದು. ಹೊಸದಾಗಿ ಹಾಗೆ ಬೇರೆ ಮಾಡೋಕೆ ಕಾನೂನು ಬಿಡಲ್ಲ, ಹಳೇದನ್ನ ತೆಗೆದುಹಾಕೋಕೂ ಬಿಡಲ್ಲ. ಈ ಮರ ಮುತ್ತಜ್ಜನ ಕಾಲದಿಂದ ನೆಲಕ್ಕೆ ಸೇರಿದ್ದಲ್ಲ. ಜ್ಯೂರಿಕ್‌ನವರ ತಲೆಗೆ ಇದು ಏಳು ಜನ್ಮಕ್ಕೂ ಹೋಗಲ್ಲ.

ಅವತ್ತು ಸಂಜೆ ಮೈದುನ ಪ್ಲಿನಿಯೊನ ಹೋಟೆಲಲ್ಲಿ ಬಟ್ಟಲು ತುಂಬ ವೈನ್ ಹಾಕಿಸ್ಕೊಂಡು ಅವಳು ಹೇಳಿದಳು, "ಗೋಡೆ ಅವನಿಗೆ, ಕಾಯಿ ನನಗೆ."

"ಅತ್ತಿಗೆ, ಆ ಮರ ನಿಮ್ಮದೂ ಅಲ್ಲ. ನಿಲ್ಡೆ ಮನೆಯವರದ್ದು."

"ಎಲ್ಲಿದಾಳೆ ನಿಲ್ಡೆ? ಊರು ಬಿಟ್ಟು ಐವತ್ತು ವರ್ಷ ಆಯ್ತು. ಹೆಕ್ಕಿ ಹೆಕ್ಕಿ ಸೊಂಟ ಮುರ್ಕೊಂಡಿದ್ದು ನಾನು."

"ಹೆಕ್ಕಿದೋರೆಲ್ಲ ಯಜಮಾನರಾದ್ರೆ ಈ ಊರನ್ನ ಕಾಡುಹಂದಿಗಳ ಹೆಸರಿಗೆ ಬರ್ಕೊಡಬೇಕು."

"ನೀನು ಪೊಲೆಂಟಾ ಗಂಜಿ ತಿರುವು. ತಳ ಹತ್ತತಾ ಇದೆ."

ಶನಿವಾರ ಬೆಳಿಗ್ಗೆ ನೋಟರಿ ಇವರಿಗೋಸ್ಕರ ಕಚೇರಿ ತೆಗೆದಿದ್ದರು. ಎಲ್ಲ ಓದಿ ಮುಗಿಸಿದಮೇಲೆ ಎರ್ಸಿಲಿಯಾ ಗಂಟಲು ಸರಿಮಾಡ್ಕೊಂಡಳು.

"ಇನ್ನೊಂದು ಸಾಲು ಸೇರಿಸಿ. ಮರ ನೆಲದ ಜೊತೆ ಹೋಗಲ್ಲ. ನನ್ನ ಗಂಡನ ಮನೆಯವರು ಯಾವತ್ತೂ ಅದಕ್ಕೆ ಯಜಮಾನರಾಗಿರಲಿಲ್ಲ. ಅದು ಹಳೇ ಹಕ್ಕುದಾರರದ್ದು."

"ಹಕ್ಕುದಾರರ ಹೆಸರು?" ನೋಟರಿ ಕೇಳಿದರು.

ಅವಳು ಒಳಗೇ ಲೆಕ್ಕ ಹಾಕಿದಳು. ನನ್ನದು ಅಂದರೆ ಕಾಗದ ಎಲ್ಲಿ ಅಂತಾರೆ. "ಹೆಸರು ಯಾಕೆ? ಹಳೇ ಹಕ್ಕುದಾರರು ಅಂತ ಬರೀರಿ, ಸಾಕು. ಕಾಯಿ ಯಾರು ಹೆಕ್ತಾರೆ ಅಂತ ಊರಿಗೇ ಗೊತ್ತು."

ಕುಂಡರ್ಟ್ ರೇಗಬೇಕಿತ್ತು. ಯಾರಾದರೂ ರೇಗ್ತಾರೆ. ಇವನು ಕುರ್ಚಿ ಮುಂದಕ್ಕೆಳೆದು, "ಬರೀರಿ. ಅವರು ಹೇಳಿದ ಹಾಗೇ, ಒಂದಕ್ಷರ ಬಿಡದೆ ಬರೀರಿ," ಅಂದ. ಮೊದಲು ಅವಳ ರುಜು ಹಾಕಿಸಿದ, ಆಮೇಲೆ ತಾನು ಹಾಕಿದ. ಅವಳಿಗೆ ನಗು ತಡೆಯೋಕಾಗದೆ ಕರವಸ್ತ್ರದಲ್ಲಿ ಕೆಮ್ಮಿದಳು. ಇಂಥ ಕತ್ತೆಯನ್ನ ಅವಳು ಬ್ಯಾಂಕಿನವರಲ್ಲೂ ನೋಡಿರಲಿಲ್ಲ.

ಮಧ್ಯಾಹ್ನ ಅವಳೇ ಅವನನ್ನ ಪ್ಲಿನಿಯೊನ ಹೋಟೆಲಿಗೆ ಕರ್ಕೊಂಡು ಹೋಗಿ ಕೂರಿಸಿದಳು. ಸತ್ಯ ಹೇಳುವಾಗ ಅವನ ಮುಖ ನೋಡೋ ಆಸೆ. ಅವನು ತಟ್ಟೆ ಖಾಲಿ ಮಾಡೋವರೆಗೂ ಕಾದಳು.

"ನೋಡಿ ಸ್ವಾಮಿ, ಗೋಡೆ ಇನ್ನು ನಿಮ್ಮದು. ಪುರಸಭೆ ನೋಟಿಸೂ ನಿಮ್ಮದೇ. ಮುಂದಿನ ವಾರ ನಾನು ಬುಟ್ಟಿ ತಗೊಂಡು ಬಂದಾಗ ಯಾಕಮ್ಮ ಬಂದೆ ಅಂತ ಕೇಳೋ ಹಾಗಿಲ್ಲ. ಮರ ನಿಮ್ಮ ನೆಲಕ್ಕೆ ಸೇರಿದ್ದಲ್ಲ, ನೀವೇ ಒಪ್ಪಿ ರುಜು ಹಾಕಿದೀರಿ."

"ಗೊತ್ತು," ಅಂದ ಕುಂಡರ್ಟ್. "ಅಕ್ಟೋಬರ್ ಬಂತು ಅಂದ್ರೆ ಮನೇಲಿ ಅದೇ ಮರದ ಮಾತು. ಒಂದು ಬುಟ್ಟಿ ಕಾಯಿ ಕಳಿಸಿ ಅಂತ ಸಾಯೋ ಮುಂಚೆ ನಿಮಗೆ ಮೂರು ಕಾಗದ ಬರೆದ್ರು. ನೀವು ಒಂದಕ್ಕೂ ಉತ್ತರ ಕೊಡಲಿಲ್ಲ."

ಒಲೆ ಹತ್ತಿರ ಪ್ಲಿನಿಯೊ ತಿರುವೋದು ನಿಲ್ಲಿಸಿದ.

"ಯಾರು ಬರೆದಿದ್ದು?" ಎರ್ಸಿಲಿಯಾ ಕೇಳಿದಳು, ಗೊತ್ತಿಲ್ಲದೆ ಅಲ್ಲ.

"ನಿಲ್ಡೆ, ನಮ್ಮಜ್ಜಿ. ಮರ ನನ್ನ ಹೆಸರಿಗೆ ಬರೆದು ಹೋಗಿದಾರೆ, ಅದು ನಿಮ್ಮದಲ್ಲ ಅಂತ ನಿಮ್ಮ ಕೈಯಲ್ಲೇ ಬರೆಸೋದೊಂದು ಬಾಕಿ ಇತ್ತು."